ಮರದಡಿಯ 42 ಮೆಟ್ಟಿಲು

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಐದು ದಿನ ನಮ್ಮನ್ನು ತಡೆದು ಕೇಳಿದವರು ತಮ್ಮ ಮಾತು ಬರಹಕ್ಕೆ ಬರುತ್ತದೆ ಎಂದು ತಿಳಿದು ಮಾತಾಡಿದವರಲ್ಲ. ಅವರನ್ನು ಅಷ್ಟರಮಟ್ಟಿಗೆ ಕಾಯುವುದು ನನ್ನ ಕರ್ತವ್ಯ.

ಹೊರಟವರು ಮೂವರು: ನಾನು, ಕಾಲೇಜು ಓದುತ್ತಿರುವ ನನ್ನ ಅಕ್ಕನ ಮಗಳು, ಕಟ್ಟಡಗಳ ನೀಲಿನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರನ್ನು ನಾವಿಬ್ಬರೂ ಮೇಷ್ಟ್ರು ಎನ್ನುತ್ತೇವೆ. ಮೂವರನ್ನೂ ಸೇರಿಸಿದ್ದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರುಮಾಡಿದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಇವತ್ತು ಅದರಲ್ಲಿ ಹೆಸರು ನೋಂದಾಯಿಸಿದವರು ಒಂದು ಕೋಟಿಗೂ ಹೆಚ್ಚು. ಆದರೂ ಒಂದು ಓಣಿಯ ಹೆಸರು ಅದರಲ್ಲಿ ಬರಬೇಕಾದರೆ ಯಾರಾದರೂ ಒಬ್ಬರು ಆ ಓಣಿಗೆ ಕಾಲಿಡಲೇಬೇಕು.

ಮೊದಲನೆಯ ದಿನ

ಬೆಳಗ್ಗೆ ಬಸ್ಸಿನಿಂದ ಇಳಿದಾಗ ನಮ್ಮ ಬಳಿ ಇದ್ದದ್ದು ಒಂಬತ್ತು ಹಾಳೆ, ರೈಟಿಂಗ್ ಪ್ಯಾಡು, ಪೆನ್ನು, ಫೋನು. ಹಾಳೆಗಳನ್ನು ಫೀಲ್ಡ್ ಪೇಪರ್ಸ್‌ನಿಂದ ಮುದ್ರಿಸಿಕೊಂಡಿದ್ದೆವು. ಅದು ಈಗಿರುವ ನಕ್ಷೆಯನ್ನು ತುಂಡು ತುಂಡು ಮಾಡಿ ಕೊಡುತ್ತದೆ. ಬೀದಿಯಲ್ಲಿ ನಿಂತು ಅದರ ಮೇಲೆ ಬರೆದು, ಹಾಳೆಯ ಫೋಟೊ ತೆಗೆದು ಏರಿಸಿದರೆ, ಮೂಲೆಯಲ್ಲಿರುವ ಕೋಡ್ ಓದಿಕೊಂಡು ಪ್ರತಿ ಹಾಳೆಯನ್ನೂ ನಕ್ಷೆಯಲ್ಲಿ ಅದರದೇ ಜಾಗಕ್ಕೆ ಕೂರಿಸುತ್ತದೆ. ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಇತ್ತು. ಈ ರಸ್ತೆಗೆ ಡಾಂಬರು ಇದೆಯೇ, ದೀಪ ಇದೆಯೇ, ಈ ಮನೆಯ ನಂಬರೆಷ್ಟು ಎಂದು ಅದು ಒಂದೊಂದಾಗಿ ಕೇಳುತ್ತದೆ, ನಾವು ನೋಡಿ ಉತ್ತರ ಒತ್ತಬೇಕು.

ಆ ಊರಿನ ರಸ್ತೆಗಳು ನಕ್ಷೆಯಲ್ಲಿ ಮೊದಲೇ ಇದ್ದವು. ಉಪಗ್ರಹ ಚಿತ್ರ ನೋಡಿ ದೂರದಲ್ಲಿ ಕೂತವರು ಎಳೆದ ಗೆರೆಗಳು ಅವು. ಚಿತ್ರದಲ್ಲಿ ಛಾವಣಿ ಕಾಣುತ್ತದೆ, ರಸ್ತೆ ಕಾಣುತ್ತದೆ. ಬೀದಿಯ ಹೆಸರು ಕಾಣುವುದಿಲ್ಲ, ಗೇಟು ಕಾಣುವುದಿಲ್ಲ, ಏಕಮುಖ ಸಂಚಾರವೇ ಎಂಬುದು ಕಾಣುವುದಿಲ್ಲ. ಹೆಸರನ್ನು ಇನ್ಯಾವುದೋ ಕಂಪನಿಯ ಮ್ಯಾಪಿನಿಂದ ಎತ್ತಿಕೊಳ್ಳುವ ಹಾಗಿಲ್ಲ, ಹಕ್ಕುಸ್ವಾಮ್ಯ ಅವರದು. ಉಳಿದದ್ದು ಎರಡೇ ದಾರಿ, ಫಲಕ ನೋಡುವುದು ಇಲ್ಲವೇ ಅಲ್ಲಿರುವವರನ್ನು ಕೇಳುವುದು.

ಮೇಲಿನ ಬಡಾವಣೆಯಿಂದ ಶುರುಮಾಡಿದೆವು, ಹಾಳೆ ನಾಲ್ಕು. ಮೂರನೆಯ ಬೀದಿಗೆ ಹೊಕ್ಕು ಮನೆ ನಂಬರು ಬರೆದುಕೊಳ್ಳುತ್ತಿದ್ದೆ. ಒಂದು ಗೇಟಿನ ಒಳಗಿಂದ ವಯಸ್ಸಾದ ಹೆಂಗಸೊಬ್ಬರು ಕೇಳಿದರು:

“ಏನಪ್ಪಾ ಅದು ಬರ್ಕೊಳ್ತಾ ಇರೋದು?”

“ಮನೆ ನಂಬರು ಅಮ್ಮಾ. ನಕ್ಷೆ ಮಾಡ್ತಾ ಇದೀವಿ.”

“ಯಾರು ಕಳಿಸಿದ್ದು ನಿಮ್ಮನ್ನ?”

“ಯಾರೂ ಕಳಿಸಿಲ್ಲ. ನಾವಾಗಿಯೇ ಬಂದಿದೀವಿ.”

ಇಷ್ಟು ವರ್ಷದಲ್ಲಿ ನಾನು ಕೊಟ್ಟ ಅತ್ಯಂತ ಪ್ರಾಮಾಣಿಕ ಉತ್ತರ ಅದು, ಕೇಳಿದವರಿಗೆ ಅತ್ಯಂತ ಭಯ ಹುಟ್ಟಿಸುವ ಉತ್ತರವೂ ಅದೇ. ಯಾರೂ ಕಳಿಸದೆ, ಯಾರೂ ಕೂಲಿ ಕೊಡದೆ, ಮೂರು ಜನ ಬಂದು ನನ್ನ ಮನೆ ನಂಬರು ಯಾಕೆ ಬರೆದುಕೊಳ್ಳುತ್ತಾರೆ? ನಾನು ವಿವರಿಸತೊಡಗಿದೆ. ಮುಕ್ತ ನಕ್ಷೆ, ಪರವಾನಗಿ, ಸ್ವಯಂಸೇವಕರು. ಮಾತು ಉದ್ದವಾದಷ್ಟೂ ಅವರ ಮುಖ ಬಿಗಿಯುತ್ತಾ ಹೋಯಿತು. ಪಕ್ಕದ ಮನೆಯವರೂ ಹೊರಗೆ ಬಂದರು. ರಸ್ತೆ ಅಗಲ ಮಾಡ್ತಾರಾ? ತೆರಿಗೆ ಏರಿಸ್ತಾರಾ? ಮನೆ ಒಡೆಯೋಕೆ ಗುರುತು ಹಾಕ್ತಿದೀರಾ?

ಒಂದಕ್ಕೂ ನನ್ನಲ್ಲಿ ನಂಬುವಂಥ ಉತ್ತರವಿರಲಿಲ್ಲ. ಬೀದಿಯಲ್ಲಿ ನಿಂತು ಮನೆ ಎಣಿಸುವವನು ಯಾವ ಕಾಲದಲ್ಲೂ ಏನನ್ನೋ ತೆಗೆದುಕೊಂಡು ಹೋಗುವುದಕ್ಕೆ ಮೊದಲು ಬರುವವನೇ. ಆ ಪ್ರಶ್ನೆಗಳನ್ನು ಅಜ್ಞಾನ ಎನ್ನುವ ಮ್ಯಾಪರ್‌ಗಳನ್ನು ನೋಡಿದ್ದೇನೆ. ನನಗೆ ಅವು ಅನುಭವದ ಮಾತಾಗಿ ಕೇಳುತ್ತವೆ.

ಕೊನೆಗೆ ಆಕೆ ಹೇಳಿದರು: “ಮ್ಯಾಪು ಮ್ಯಾಪು ಅಂತ ಸಾಕಾಗಿದೆ ನಮಗೆ. ಅದನ್ನೇ ನೋಡ್ಕೊಂಡು ನಡುರಾತ್ರೀಲಿ ಬಂದು ನಿಲ್ತಾರೆ. ಹೋಗಿ ಮೊದಲು.”

ಅದು ಇನ್ಯಾವುದೋ ಮ್ಯಾಪಿನ ತಪ್ಪಿರಬೇಕು ಎಂದುಕೊಂಡೆ. ಏನು ಎತ್ತ ಎಂದು ಕೇಳಲಿಲ್ಲ. ಬೀದಿಯ ಕೊನೆಯವರೆಗೂ ಹೋಗದೆ, ಅರ್ಧದಲ್ಲೇ ಹಿಂದಿರುಗಿದೆವು. ಆಚೆಯ ಒಂದು ದೊಡ್ಡ ಮರ ಮಾತ್ರ ಕಣ್ಣಿಗೆ ಬಿದ್ದಿತ್ತು.

ಎರಡನೆಯ ದಿನ

ಬೆಳಗ್ಗೆ ಹೊರಡುವ ಮುಂಚೆ ಒಂದು ಗಂಟೆ ಕೂತು ಒಂದೇ ಒಂದು ವಾಕ್ಯಕ್ಕಾಗಿ ಒದ್ದಾಡಿದೆವು. ಯಾರು ಕೇಳಿದರೂ ಮೂವರೂ ಹೇಳಬೇಕಾದ ವಾಕ್ಯ.

ಅಕ್ಕನ ಮಗಳು ಸೂಚಿಸಿದ್ದು: “ಆಂಬುಲೆನ್ಸ್ ದಾರಿ ತಪ್ಪಬಾರದು ಅಂತ ನಕ್ಷೆ ಮಾಡ್ತಿದೀವಿ.” ಕೇಳಲು ಚೆನ್ನಾಗಿದೆ, ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಆ ಊರಿನ ಆಂಬುಲೆನ್ಸಿನವರು ಯಾವ ನಕ್ಷೆ ಬಳಸುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಮೇಷ್ಟ್ರು ಒಪ್ಪಲಿಲ್ಲ. “ನಂಬಿಸೋಕೆ ಅಂತ ಸುಳ್ಳು ಹೇಳಿದ್ರೆ ನಮ್ಮ ಮೇಲಿನ ಅನುಮಾನ ನಿಜವೇ ಆಗುತ್ತಲ್ಲ” ಎಂದರು. ಕೊನೆಗೆ ಉಳಿದದ್ದು ಇದು: “ಎಲ್ಲರೂ ಬಳಸೋ ನಕ್ಷೆಯಲ್ಲಿ ಈ ಬೀದಿಗೆ ಹೆಸರಿಲ್ಲ, ಏನಂತ ಕರೀತೀರಿ ಇದನ್ನ?”

ಈ ವಾಕ್ಯದ ಬಲ ಅದರ ಕೊನೆಯಲ್ಲಿರುವ ಪ್ರಶ್ನೆಯಲ್ಲಿದೆ. ಅವರು ನಮ್ಮನ್ನು ಕೇಳುವ ಮೊದಲೇ ನಾವು ಅವರನ್ನು ಕೇಳುತ್ತೇವೆ. ಬೀದಿಗೆ ಹೊಕ್ಕ ಕೂಡಲೇ ಕಣ್ಣಿಗೆ ಬಿದ್ದ ಮೊದಲನೆಯವರ ಬಳಿ ಹೋಗಿ, ಹಾಳೆಯನ್ನು ಅವರ ಕಡೆ ತಿರುಗಿಸಿ ಹಿಡಿದು, ಅವರ ಮನೆ ಎಲ್ಲಿದೆಯೆಂದು ತೋರಿಸುವುದು. ಕಾಗದಕ್ಕೆ ಫೋನಿಗಿಲ್ಲದ ಒಂದು ಗುಣವಿದೆ, ಅದನ್ನು ಎದುರಿನವರ ಕೈಗೆ ಕೊಡಬಹುದು. ನನ್ನ ಫೋನು ನನ್ನ ಕೈಯಲ್ಲೇ ಇರುತ್ತದೆ, ಅದರಲ್ಲಿ ಏನು ನಡೆಯುತ್ತಿದೆಯೆಂದು ಅವರಿಗೆ ತಿಳಿಯುವುದಿಲ್ಲ. ಹಾಳೆ ಕೈಗೆ ಬಂದ ಮೇಲೆ ಹತ್ತರಲ್ಲಿ ಏಳು ಜನ ತಪ್ಪು ಹುಡುಕತೊಡಗಿದರು. “ಇದು ಇಲ್ಲಿ ತಿರುಗಲ್ಲ, ಇನ್ನೂ ಮುಂದೆ.” ಅಲ್ಲಿಂದಾಚೆ ಅವರಿಗೆ ನಮ್ಮ ಮೇಲಿನ ಅನುಮಾನಕ್ಕಿಂತ ಹಾಳೆಯ ಮೇಲಿನ ಅನುಮಾನವೇ ಹೆಚ್ಚು. ನಮಗೆ ಬೇಕಾದದ್ದೂ ಅದೇ.

ಇನ್ನು ಕೆಲವು ನಿಯಮ ಮಾಡಿಕೊಂಡೆವು. ಕಿಟಕಿಯ ಎದುರು ನಿಲ್ಲಬಾರದು. ಟೈಪ್ ಮಾಡಬೇಕಿದ್ದರೆ ಬೀದಿಯ ಮೂಲೆಗೆ ಹೋಗಿ ಮಾಡಬೇಕು. ಒಬ್ಬೊಬ್ಬರೇ ಹೋಗಬಾರದು. ಕೊನೆಯದನ್ನು ಆವತ್ತೇ ಮುರಿದೆವು, ಕೆಳಗಿನ ಬಡಾವಣೆ ದೊಡ್ಡದಿತ್ತು. ಗಂಡಸು ಒಬ್ಬನೇ ನಿಂತರೆ ಕಳ್ಳನೆಂದು ನೋಡುತ್ತಾರೆ. ಹುಡುಗಿ ಒಬ್ಬಳೇ ನಿಂತರೆ ಅನುಮಾನ ಕಡಿಮೆ, ಆದರೆ ಹಿಂಬಾಲಿಸುವವರು ಇರುತ್ತಾರೆ. ಈ ಕೆಲಸದ ಬಗ್ಗೆ ಮಾತಾಡುವಾಗ ಎರಡನೆಯದನ್ನು ನಾವು ಗಂಡಸರು ಸುಲಭವಾಗಿ ಮರೆಯುತ್ತೇವೆ.

ಸಂಜೆ ಅಕ್ಕನ ಮಗಳು ಹಾಳೆ ಏಳರೊಂದಿಗೆ ಬಂದಳು. “ಮಾವ, ಒಂದು ಓಣಿ ಹೋಗಿ ಮೆಟ್ಟಿಲಾಗುತ್ತೆ. ಪೂರ್ತಿ ಮರದ ನೆರಳು. ನಲವತ್ತೆರಡು ಮೆಟ್ಟಿಲು. ಹಿಡ್ಕೊಳ್ಳೋಕೆ ಕಂಬಿ ಇದೆ, ಪಕ್ಕದಲ್ಲಿ ಇಳಿಜಾರು ದಾರಿ ಇಲ್ಲ. ಮೇಲೆ ಯಾವುದೋ ಬೀದಿ, ಅದು ನನ್ನ ಹಾಳೆಯಾಚೆ, ಹಾಗೇ ವಾಪಸ್ ಬಂದೆ.” ಮೆಟ್ಟಿಲಿನ ಸಂಖ್ಯೆಯನ್ನು ಬರೆಯಲು ನಕ್ಷೆಯಲ್ಲಿ ಪ್ರತ್ಯೇಕ ಟ್ಯಾಗ್, ಅಂದರೆ ವಿವರದ ಚೀಟಿ, ಇದೆ, ಸ್ಟೆಪ್ ಕೌಂಟ್ ಎಂದು. ಗಾಲಿಕುರ್ಚಿಯವರಿಗೆ ಒಂದೂ ನಲವತ್ತೆರಡೂ ಒಂದೇ. ಊರುಗೋಲಿನವರಿಗೆ ಹಾಗಲ್ಲ.

ಮೂರನೆಯ ದಿನ

ಈ ದಿನದ ತಪ್ಪು ನನ್ನದು.

ಮಧ್ಯಾಹ್ನ ಶಾಲೆಯೊಂದರ ಗೋಡೆಯ ಉದ್ದಕ್ಕೂ ಫುಟ್‌ಪಾತ್ ಇದೆಯೇ ಎಂದು ನೋಡುತ್ತಾ, ಬೀದಿಗಳ ಫೋಟೊ ಕೂಡಿಡುವ ಮ್ಯಾಪಿಲರಿ ಎಂಬ ತಾಣಕ್ಕೆ ಏರಿಸಲೆಂದು ಹತ್ತು ಹೆಜ್ಜೆಗೊಂದು ಫೋಟೊ ತೆಗೆಯುತ್ತಾ ನಡೆದೆ. ಎರಡು ದಿನದಲ್ಲಿ ಆದ ಮುಜುಗರದಿಂದ ಫೋನನ್ನು ಎದೆಯ ಬಳಿ ಅಡಗಿಸಿ ಹಿಡಿಯುವ ಅಭ್ಯಾಸ ಬಂದುಬಿಟ್ಟಿತ್ತು. ಗಂಟೆ ಹೊಡೆದದ್ದು ಕೇಳಿಸಿತು, ಅರ್ಥವಾಗಲಿಲ್ಲ. ಗೇಟು ತೆರೆದು ಮಕ್ಕಳು ಹೊರಗೆ ಬರತೊಡಗಿದರು. ನಾನು ಇನ್ನೂ ಎರಡು ಫೋಟೊ ತೆಗೆದಿದ್ದೆ.

ಮಗಳನ್ನು ಕರೆದೊಯ್ಯಲು ಬಂದಿದ್ದ ಒಬ್ಬ ಯುವಕ ನನ್ನ ಮಣಿಕಟ್ಟು ಹಿಡಿದ. “ಏನ್ ತೆಗೀತಿದೀಯ? ತೋರ್ಸು.” ಅರ್ಧ ನಿಮಿಷದಲ್ಲಿ ಹದಿನೈದು ಇಪ್ಪತ್ತು ಜನ ಸುತ್ತುವರಿದರು. ಯಾರೋ ಹಿಂದಿನಿಂದ ಕಾಲರು ಎಳೆದರು. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದ ವಾಕ್ಯಗಳೆಲ್ಲ ಕೆಟ್ಟವು. ಇದು ಸಾರ್ವಜನಿಕ ರಸ್ತೆ. ಇದು ನನ್ನ ಹಕ್ಕು. ಮುಖಗಳನ್ನೂ ವಾಹನಗಳ ನಂಬರನ್ನೂ ಮ್ಯಾಪಿಲರಿ ತಾನಾಗಿಯೇ ಮಸುಕು ಮಾಡುತ್ತದೆ. ಕೊನೆಯದನ್ನು ಹೇಳಿಯೂ ಹೇಳಿದೆ. ಆ ತಂದೆ ನನ್ನನ್ನೇ ದಿಟ್ಟಿಸಿ ನೋಡಿದ. “ಮಸುಕು ಆಮೇಲೆ ತಾನೇ ಆಗೋದು? ಈಗ ನಿನ್ನ ಫೋನಲ್ಲಿ ನನ್ನ ಮಗಳ ಮುಖ ಇದೆಯೋ ಇಲ್ವೋ?”

ಇತ್ತು.

ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಆ ಬೀದಿಯ 31 ಫೋಟೊಗಳನ್ನೂ ಅಳಿಸಿದೆ. ಅಳಿಸಿದ್ದು ಹೋಗಿ ಕೂರುವ ಫೋಲ್ಡರನ್ನೂ ತೆರೆದು ಖಾಲಿ ಮಾಡಿದೆ. ಅಷ್ಟರಲ್ಲಿ ಇಬ್ಬರು ಪೊಲೀಸರು ಬಂದರು. ಮೇಷ್ಟ್ರು ಓಡಿ ಬಂದು ಹಾಳೆಗಳನ್ನು ಅವರ ಮುಂದೆ ಹರಡಿದರು. ಹಿರಿಯ ಪೇದೆ ನಮ್ಮ ಗುರುತಿನ ಚೀಟಿಯ ವಿವರ ಬರೆದುಕೊಂಡು, ಅನುಮತಿ ಪತ್ರ ಕೇಳಿದರು. ಇಂಥ ಕೆಲಸಕ್ಕೆ ಪತ್ರ ಕೊಡುವ ಕಚೇರಿಯೇ ಇಲ್ಲ, ಇರುವುದು ನಮ್ಮ ಹೆಸರು, ನಾವು ಬರೆದ ಹಾಳೆ ಇಷ್ಟೇ ಎಂದೆವು. “ಬರೋಕೆ ಮುಂಚೆ ಠಾಣೆಗೆ ಬಂದು ಒಂದು ಮಾತು ಹೇಳಿದ್ರೆ, ಫೋನ್ ಬಂದಾಗ ನಾವೇ ಅವರಿಗೆ ಹೇಳ್ತಿದ್ವಲ್ಲ” ಎಂದರು ಅವರು. ಅದಕ್ಕಿಂತ ಒಳ್ಳೆಯ ಸಲಹೆಯನ್ನು ಯಾವ ಮ್ಯಾಪರ್‌ನಿಂದಲೂ ನಾನು ಕೇಳಿಲ್ಲ.

ಬೀದಿಯಲ್ಲಿ ಫೋಟೊ ತೆಗೆಯುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅದನ್ನು ತಿಳಿದು ಹೋಗಬೇಕು, ನಿಜ. ಆದರೆ ಮಗಳ ಕೈ ಹಿಡಿದು ನಿಂತ ತಂದೆಯ ಎದುರು ಕಾನೂನು ಹೇಳುವವನು ಗೆದ್ದರೂ ಸೋತ ಹಾಗೆಯೇ. ಆ ಯುವಕನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಆತ ಏನೂ ಹೇಳದೆ ಮಗಳನ್ನು ಎತ್ತಿಕೊಂಡು ಹೋದ. ಮರುಮಾತು ಕೊಡಬೇಕಾದ ಸಾಲವೇನೂ ಆತನಿಗಿರಲಿಲ್ಲ.

ರಾತ್ರಿ ಕೈ ಇನ್ನೂ ನಡುಗುತ್ತಿತ್ತು. ಮೇಷ್ಟ್ರು ನೈನ್ ಸಿಂಗನ ಕಥೆ ಹೇಳಿದರು. 1865ರಲ್ಲಿ ಬ್ರಿಟಿಷರ ಸರ್ವೆಯವರು ಆತನನ್ನು ವೇಷ ಹಾಕಿಸಿ ಟಿಬೆಟ್ಟಿಗೆ ಕಳಿಸಿದರು. ಕೈಯಲ್ಲಿದ್ದ ಜಪಮಾಲೆಗೆ 108ರ ಬದಲು 100 ಮಣಿ. ನೂರು ಹೆಜ್ಜೆಗೊಂದು ಮಣಿ ಜರುಗಿಸುತ್ತಾ ಆತ ಲಾಸಾದವರೆಗೆ ನಡೆದ. ಬರೆದ ಟಿಪ್ಪಣಿಗಳನ್ನು ಪ್ರಾರ್ಥನಾ ಚಕ್ರದೊಳಗೆ ಅಡಗಿಸಿದ. ಒಂದೇ ಅಳತೆಯ ಹೆಜ್ಜೆಯಿಡಲು ಕಲಿತಿದ್ದ ಆತನ ಸಾಹಸಕ್ಕೆ ನಾನು ತಲೆಬಾಗುತ್ತೇನೆ.

“ಅವನಿಗೆ ಅಡಗಿಸೋಕೆ ಕಾರಣ ಇತ್ತು, ಆ ನಕ್ಷೆ ಅಲ್ಲಿಯವರಿಗಲ್ಲ” ಎಂದರು ಮೇಷ್ಟ್ರು. “ನೀನು ಫೋನನ್ನ ಎದೆಗೆ ಅವುಚಿಕೊಂಡು ನಡೀತಿದ್ದೆಯಲ್ಲ, ಯಾಕೆ?”

ಆ ರಾತ್ರಿ ಇನ್ನೊಂದು ಪಟ್ಟಿ ಮಾಡಿದೆವು, ಬರೆಯಬಾರದ್ದರದು. ಮನೆಯಲ್ಲಿ ಯಾರಿದ್ದಾರೆ ಎಂಬುದು. ಗೇಟಿನ ಒಳಗಿನದು. ಹಿಂಸೆಯಿಂದ ಓಡಿಬಂದ ಹೆಂಗಸರಿಗೆ ಆಸರೆ ಕೊಡುವ, ವಿಳಾಸವನ್ನು ಗುಟ್ಟಾಗಿಟ್ಟ ಮನೆಗಳು. ಕಣ್ಣಿಗೆ ಕಂಡದ್ದೆಲ್ಲ ನಕ್ಷೆಗೆ ಸೇರಬೇಕಿಲ್ಲ.

ನಾಲ್ಕನೆಯ ದಿನ

ಮಳೆ. ಬೆಳಗ್ಗೆಯೇ ಠಾಣೆಗೆ ಹೋಗಿ ಹೇಳಿ ಬಂದು, ಉಳಿದ ದಿನವೆಲ್ಲ ಕಿಟಕಿಯ ಬಳಿ ಲ್ಯಾಪ್‌ಟಾಪ್ ತೆರೆದು ಕೂತೆವು.

ನಾವು ನಡೆದ ದಾರಿಯನ್ನು ಫೋನು ಗೆರೆಯಾಗಿ ಉಳಿಸಿಕೊಂಡಿದ್ದ ಜಿಪಿಎಸ್ ಟ್ರ್ಯಾಕುಗಳನ್ನು ತೆರೆದೆ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು ಐದು ಮೀಟರಿನ ಒಳಗೆ ಜಾಗ ತೋರಿಸುತ್ತದೆ. ಎತ್ತರದ ಗೋಡೆಗಳ ನಡುವೆ, ದಟ್ಟ ಮರದಡಿಯಲ್ಲಿ ಅದು ದಾರಿ ತಪ್ಪಿದವರ ಹಾಗೆ ಅಡ್ಡಾಡುತ್ತದೆ. ಅಕ್ಕನ ಮಗಳು ಮೆಟ್ಟಿಲು ಹತ್ತಿದ ಗೆರೆ ಹಾಗೆಯೇ ಅಡ್ಡಾದಿಡ್ಡಿಯಾಗಿತ್ತು. ಅದರ ಮೇಲಿನ ತುದಿ ಎಲ್ಲಿ ಮುಟ್ಟುತ್ತದೆಂದು ನೋಡಲು ಹಾಳೆ ಏಳರ ಪಕ್ಕಕ್ಕೆ ಹಾಳೆ ನಾಲ್ಕನ್ನು ತಂದು ಜೋಡಿಸಿದೆ.

ಮೊದಲನೆಯ ದಿನ ಆ ಅಮ್ಮ ನಮ್ಮನ್ನು ವಾಪಸು ಕಳಿಸಿದ ಬೀದಿ ಅದು. ಅರ್ಧದಲ್ಲಿ ನಾನು ನೋಡಿದ ಮರ, ಇವಳು ಹತ್ತಿದ ಮೆಟ್ಟಿಲಿನ ಮರ.

ನಕ್ಷೆಯಲ್ಲಿ ಅಲ್ಲಿ ಮೆಟ್ಟಿಲಿರಲಿಲ್ಲ. ಮೇಲಿನ ಬೀದಿಯೂ ಕೆಳಗಿನ ಓಣಿಯೂ ಸೇರಿ ಒಂದೇ ರಸ್ತೆಯಾಗಿದ್ದವು, ಟ್ಯಾಗ್ ಹೈವೇ=ರೆಸಿಡೆನ್ಷಿಯಲ್, ಅಂದರೆ ವಾಹನ ಹೋಗಬಹುದಾದ ಮನೆಗಳ ನಡುವಿನ ರಸ್ತೆ. ದಾರಿ ಹುಡುಕುವ ಆ್ಯಪುಗಳ ಲೆಕ್ಕದಲ್ಲಿ ಎರಡು ಬಡಾವಣೆಗಳ ನಡುವಿನ ಅತಿ ಹತ್ತಿರದ ದಾರಿ ಅದೇ. ನಡುರಾತ್ರಿಯಲ್ಲಿ ಬಂದು ನಿಲ್ಲುತ್ತಾರೆ ಎಂದಿದ್ದರಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಪ್ರತಿ ಗೆರೆಗೂ ಇತಿಹಾಸವಿದೆ. ಯಾರು, ಯಾವತ್ತು, ಏನು ಮಾಡಿದರು ಎಂಬುದು ಅಳಿಯುವುದಿಲ್ಲ. ಇತಿಹಾಸ ತೆರೆದೆ. ಮೊದಲನೆಯ ಆವೃತ್ತಿ, ಮೂರು ವರ್ಷದ ಹಿಂದಿನದು. ಟಿಪ್ಪಣಿ: ಉಪಗ್ರಹ ಚಿತ್ರದಿಂದ ರಸ್ತೆಗಳ ಸೇರ್ಪಡೆ. ಬಳಕೆದಾರರ ಹೆಸರು ನನ್ನದು.

ಬಹಳ ಹೊತ್ತು ನಾನು ಮಾತಾಡಲಿಲ್ಲ. ಆ ಗೆರೆ ಎಳೆದದ್ದು ನೆನಪೂ ಇಲ್ಲ. ಒಂದು ರಾತ್ರಿಯಲ್ಲಿ ನೂರಾರು ಎಳೆಯುತ್ತಿದ್ದ ಕಾಲ ಅದು. ಮರದ ಈಚೆಗೊಂದು ರಸ್ತೆ, ಆಚೆಗೊಂದು ರಸ್ತೆ, ಎರಡೂ ಒಂದೇ ನೇರದಲ್ಲಿ. ನಡುವೆ ಹಸಿರು. ಸೇರಿಸಿಬಿಟ್ಟಿದ್ದೆ.

ದೂರದಿಂದ ಗೆರೆ ಎಳೆಯುವುದನ್ನು ನಾನು ಹೀಗಳೆಯುವುದಿಲ್ಲ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಬೇರೆ ಬೇರೆ ದೇಶಗಳಲ್ಲಿ ಕೂತ ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಪೋರ್ಟ್-ಓ-ಪ್ರಿನ್ಸ್‌ನ ಬೀದಿಗಳನ್ನು ಎಳೆದುಕೊಟ್ಟರು, ನೆರವಿನ ತಂಡಗಳು ಅದನ್ನು ಹಿಡಿದು ಓಡಾಡಿದವು. ಆದರೆ ಆ ಗೆರೆಗಳಿಂದ ತೊಂದರೆಯಾದರೆ ಎಳೆದವನನ್ನು ಹಿಡಿದು ಕೇಳಲು ಯಾರೂ ಎದುರಿಗಿರುವುದಿಲ್ಲ. ನಾನು ಎಳೆದಾಗಲೂ ಇರಲಿಲ್ಲ.

ಐದನೆಯ ದಿನ

ಮಳೆ ನಿಂತಿತ್ತು. ಮೂವರೂ ನೇರ ಆ ಮನೆಗೆ ಹೋದೆವು. ಗೇಟಿನ ಹೊರಗೇ ನಿಂತು ಕರೆದೆ.

“ಮತ್ತೆ ಬಂದ್ರಾ?”

“ಅಮ್ಮಾ, ರಾತ್ರಿ ಗಾಡಿಗಳು ಬರೋದಕ್ಕೆ ಕಾರಣ ನಾನೇ. ಮೂರು ವರ್ಷದ ಹಿಂದೆ ಈ ಬೀದಿ ಆ ಕಡೆಗೆ ತೂರಿ ಹೋಗುತ್ತೆ ಅಂತ ನಕ್ಷೆಯಲ್ಲಿ ಬರೆದವನು ನಾನು. ಮೆಟ್ಟಿಲಿರೋದು ಗೊತ್ತಿರಲಿಲ್ಲ.”

ಅವರು ನನ್ನ ಮುಖ ನೋಡಿದರು, ಅಕ್ಕನ ಮಗಳ ಮುಖ ನೋಡಿದರು, ಒಳಗೆ ಹೋದರು. ಬಾಗಿಲು ಹಾಕಿಕೊಂಡರೆಂದೇ ತಿಳಿದೆ. ಒಂದು ನೋಟ್‌ಬುಕ್ ಹಿಡಿದು ಬಂದರು. ಗೆರೆ ಹಾಕಿ ಮೂರು ಕಾಲಂ ಮಾಡಿದ್ದರು: ತಾರೀಖು, ಹೊತ್ತು, ಗಾಡಿಯ ನಂಬರು. ಪುಟದ ಮೇಲೆ ಪುಟ. ಗಾಡಿಗಳ ದೀಪದ ಬೆಳಕು ನೇರ ಅವರು ಮಲಗುವ ಕೋಣೆಗೆ ಬೀಳುತ್ತಿತ್ತಂತೆ. ಮೆಟ್ಟಿಲ ತಲೆಯವರೆಗೆ ಬಂದು, ತಿರುಗಿಸಲು ಜಾಗವಿಲ್ಲದೆ, ಬೀದಿಯುದ್ದಕ್ಕೂ ಹಿಂದಕ್ಕೇ ಹೋಗಬೇಕು. ಒಂದು ಗಾಡಿ ಅವರ ಕಾಂಪೌಂಡಿನ ಮೂಲೆಯನ್ನೇ ಕೆಡವಿತ್ತು. ದೂರು ಕೊಟ್ಟರೆ ಕೇಳುವವರು ಯಾರೆಂದು ತಿಳಿಯದೆ ಬರೆದಿಡುತ್ತಾ ಬಂದಿದ್ದರು.

ಅಷ್ಟು ಶ್ರದ್ಧೆಯ ಸರ್ವೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

“ಬನ್ನಿ ತೋರಿಸ್ತೀನಿ” ಎಂದು ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದರು. ಅವರು ಜೊತೆಗಿದ್ದ ಆ ಎರಡು ಗಂಟೆ ಬೀದಿಯಲ್ಲಿ ಒಬ್ಬರೂ ನಮ್ಮನ್ನು ತಡೆಯಲಿಲ್ಲ. ಮೊದಲ ದಿನ ತೆರಿಗೆಯ ಬಗ್ಗೆ ಕೇಳಿದವರೂ ಬಂದು ಸೇರಿಕೊಂಡರು. ಬೀದಿಗೆ ಎರಡು ಹೆಸರಿತ್ತು, ಫಲಕದಲ್ಲೊಂದು, ಬಾಯಲ್ಲೊಂದು. ಎರಡನ್ನೂ ಬರೆದುಕೊಂಡೆವು, ಎರಡಕ್ಕೂ ಟ್ಯಾಗ್ ಇದೆ. ಮೆಟ್ಟಿಲನ್ನು ಅಕ್ಕನ ಮಗಳು ಇನ್ನೊಮ್ಮೆ ಎಣಿಸಿದಳು. “ನಲವತ್ತೆರಡು ಅಲ್ಲ ಕಣಮ್ಮಾ, ಮೇಲಿನದು ಮೆಟ್ಟಿಲಲ್ಲ, ಅದು ಚರಂಡಿಯ ಕಲ್ಲು” ಎಂದರು ಆಕೆ. ನೋಡಿದರೆ ನಿಜ. ಹಾಳೆಯಲ್ಲಿ 41 ಎಂದು ತಿದ್ದಿದೆವು. ಶೀರ್ಷಿಕೆಯಲ್ಲಿ 42 ಎಂದೇ ಇಟ್ಟಿದ್ದೇನೆ, ನಾವು ಒಯ್ದಿದ್ದ ಹಾಳೆಯಲ್ಲಿ ಇದ್ದದ್ದು ಅದು.

ಮೆಟ್ಟಿಲ ಮೇಲೆಯೇ ಕೂತು ಫೋನಿನಲ್ಲಿ ತಿದ್ದಿದೆ. ರಸ್ತೆಯನ್ನು ಮರದ ಈಚೆ ಕತ್ತರಿಸಿದೆ, ಆಚೆ ಕತ್ತರಿಸಿದೆ, ನಡುವಿನ ತುಂಡನ್ನು ಹೈವೇ=ಸ್ಟೆಪ್ಸ್ ಮಾಡಿದೆ. ಅಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಗೆರೆ ಬಣ್ಣ ಬದಲಾಯಿಸಿದಾಗ ಕೇಳಿದರು:

“ಇವತ್ತಿಂದ ಗಾಡಿ ಬರಲ್ವಾ?”

“ಇವತ್ತೇ ನಿಲ್ಲಲ್ಲ ಅಮ್ಮಾ. ಮೂಲ ನಕ್ಷೆ ಈಗಲೇ ಬದಲಾಗುತ್ತೆ. ಅದನ್ನು ತಗೊಂಡು ಬಳಸೋ ಆ್ಯಪುಗಳು ತಮ್ಮ ಪ್ರತಿಯನ್ನ ಹೊಸದು ಮಾಡ್ಕೊಳ್ಳೋವರೆಗೆ ಕೆಲವು ವಾರ ಬೇಕಾಗಬಹುದು. ಬೇರೆ ಕಂಪನಿಯ ಮ್ಯಾಪಲ್ಲೂ ಇದೇ ತಪ್ಪಿದ್ರೆ, ಅದನ್ನ ನಾನು ತಿದ್ದೋಕಾಗಲ್ಲ.”

“ಹಾಗಾದ್ರೆ ಬರೆಯೋದು ನಿಲ್ಲಿಸಲ್ಲ.”

“ನಿಲ್ಲಿಸಬೇಡಿ.”

ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದರು. ಮೇಲೆ ಅವತ್ತಿನ ತಾರೀಖು ಹಾಕಿದರು. ನಕ್ಷೆಯಲ್ಲಿ ನನ್ನ ಹೆಸರು ಏನಂತ ಇದೆಯೆಂದು ಕೇಳಿ, ಒಂದೊಂದೇ ಅಕ್ಷರ ಹೇಳಿಸಿಕೊಂಡು ಬರೆದರು. ಫೋನ್ ನಂಬರನ್ನೂ ಬರೆದುಕೊಂಡು, ಅಲ್ಲೇ ನನಗೊಂದು ಕರೆ ಮಾಡಿ, ನನ್ನ ಜೇಬಿನಲ್ಲಿ ಸದ್ದಾದ ಮೇಲೆ ನೋಟ್‌ಬುಕ್ ಮುಚ್ಚಿದರು.